ಕ್ರಿಸ್‌ಮಸ್ ವಾರದಲ್ಲಿ ಡಿಸ್ನಿಗೆ ಹೊರಟವರಿಗೆ

ದೀಪಾವಳಿ ಕಳೆದು ಹಣತೆಗಳನ್ನು ತೊಳೆದು ಎತ್ತಿಡುವ ಹೊತ್ತಿಗೆ ನಮ್ಮ ಮನೆಗೆ ಫೋನುಗಳು ಶುರುವಾಗುತ್ತವೆ. ಅಟ್ಲಾಂಟಾದಿಂದ ನಾದಿನಿ, ನ್ಯೂಜೆರ್ಸಿಯಿಂದ ಚಿಕ್ಕಪ್ಪನ ಮಗ, ಷಾರ್ಲಟ್‌ನಿಂದ ಕನ್ನಡ ಕೂಟದಲ್ಲಿ ಪರಿಚಯವಾದ ಹುಡುಗಿ. ಎಲ್ಲರೂ ಕೇಳುವುದು ಒಂದೇ: "ಅಕ್ಕಾ, ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಮಕ್ಕಳಿಗೆ ಸ್ಕೂಲ್ ರಜ. ಕ್ರಿಸ್‌ಮಸ್‌ಗೆ ಡಿಸ್ನಿಗೆ ಬರೋಣ ಅಂತಿದೀವಿ, ಹೇಗೆ ಪ್ಲಾನ್ ಮಾಡೋದು?" ನಾವಿರುವುದು ಫ್ಲಾರಿಡಾದ ಟ್ಯಾಂಪಾದಲ್ಲಿ. ಒರ್ಲಾಂಡೊ ಪಕ್ಕದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಇಲ್ಲಿಂದ ಕಾರಿನಲ್ಲಿ ಒಂದೂಕಾಲು ಗಂಟೆ ದಾರಿ. ಡಿಸೆಂಬರ್ ಕೊನೆಯ ವಾರ ಐ-4 ಹೆದ್ದಾರಿ ಕಟ್ಟಿಕೊಂಡಿತೆಂದರೆ ಎರಡು ಗಂಟೆಯೂ ಆದೀತು. ಹತ್ತಿರ ಇರುವವಳು ಅಂತ ನಂಟರನ್ನು ಕರೆದುಕೊಂಡು ಹೋಗುವ ಕೆಲಸ ವರ್ಷಾ ವರ್ಷಾ ನನ್ನ ಪಾಲಿಗೇ ಬರುತ್ತದೆ, ಖುಷಿಯಿಂದಲೇ ಮಾಡುತ್ತೇನೆ. ಫೋನಿನಲ್ಲಿ ಪ್ರತಿಯೊಬ್ಬರಿಗೂ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನಾಂಕದ ಮಾತು. ಅಮೆರಿಕದ ಶಾಲೆಗಳಿಗೆ ಹೆಚ್ಚುಕಡಿಮೆ ಡಿಸೆಂಬರ್ 20ರ ಸುಮಾರಿಗೆ ರಜ ಶುರುವಾಗಿ ಹೊಸ ವರ್ಷ ಕಳೆದ ಮೇಲೆ ಮುಗಿಯುತ್ತದೆ. 25ರಿಂದ ಜನವರಿ 1ರವರೆಗಿನ ವಾರ ಡಿಸ್ನಿಯಲ್ಲಿ ಇಡೀ ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ವಾರ. ಜನ ಎಷ್ಟಿರುತ್ತಾರೆ ಎಂಬುದನ್ನು ಯಾರನ್ನೂ ಕೇಳಬೇಕಿಲ್ಲ, ಡಿಸ್ನಿಯವರ ಟಿಕೆಟ್ ಕ್ಯಾಲೆಂಡರೇ ಹೇಳುತ್ತದೆ. ಅಲ್ಲಿ ದಿನಕ್ಕೊಂದು ದರ. ಒಂದು ದಿನದ ಟಿಕೆಟ್ ಸುಮಾರು 120 ಡಾಲರಿಗೆ ಸಿಗುವ ದಿನಗಳೂ ಇವೆ. ಕ್ರಿಸ್‌ಮಸ್ ವಾರದಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ ಅದೇ ಟಿಕೆಟ್ 200 ಡಾಲರಿನ ಆಸುಪಾಸಿಗೆ ಏರುತ್ತದೆ. ದರ ಏರಿದ ದಿನ ಜನವೂ ಏರುತ್ತಾರೆ ಎಂದೇ ಲೆಕ್ಕ. ಹತ್ತು ತುಂಬಿದ ಮಕ್ಕಳಿಗೂ ದೊಡ್ಡವರ ಟಿಕೆಟ್ಟೇ, ಮೂರು ತುಂಬದವರಿಗೆ ಮಾತ್ರ ಪುಕ್ಕಟೆ. ಮಕ್ಕಳಿಗೆ ನಾಲ್ಕು ದಿನ ಶಾಲೆ ತಪ್ಪಿಸಬಹುದಾದ ವಯಸ್ಸಾದರೆ ಡಿಸೆಂಬರ್‌ನ ಮೊದಲ ಎರಡು ವಾರದಲ್ಲಿ ಬನ್ನಿ ಎನ್ನುತ್ತೇನೆ. ದೀಪ, ಗಿಡ, ಮೆರವಣಿಗೆ ಎಲ್ಲ ಆಗಲೂ ಇರುತ್ತವೆ, ಜನ ಅಷ್ಟಿರುವುದಿಲ್ಲ.

ಆ ದಿನಗಳಲ್ಲಿ ಬರುವವರು ಒಂದು ವಿಷಯ ತಿಳಿದಿರಬೇಕು. ನವೆಂಬರಿನಿಂದ ಕ್ರಿಸ್‌ಮಸ್‌ಗೆ ಕೆಲವು ದಿನ ಮುಂಚಿನವರೆಗೆ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಆಯ್ದ ರಾತ್ರಿಗಳಲ್ಲಿ 'ಮಿಕ್ಕೀಸ್ ವೆರಿ ಮೆರ್ರಿ ಕ್ರಿಸ್‌ಮಸ್ ಪಾರ್ಟಿ' ನಡೆಯುತ್ತದೆ. ಅದಕ್ಕೆ ಬೇರೆ ಟಿಕೆಟ್. ಪಾರ್ಟಿಯ ದಿನ ಸಂಜೆ ಆರಕ್ಕೆ ಉಳಿದವರನ್ನೆಲ್ಲ ಹೊರಗೆ ಕಳಿಸುತ್ತಾರೆ. ಇದನ್ನು ನೋಡದೆ ಟಿಕೆಟ್ ಕೊಂಡವರಿಗೆ ರಾತ್ರಿಯ ಬಾಣಬಿರುಸು ತಪ್ಪಿಹೋಗುತ್ತದೆ. ಆದರೆ ತಿಳಿದೇ ಆ ದಿನ ಹೋದವರಿಗೆ ಲಾಭವಿದೆ: ರಾತ್ರಿಯ ಪಟಾಕಿ ಬೇಕೆನ್ನುವವರು ಬೇರೆ ದಿನ ಆರಿಸಿಕೊಳ್ಳುವುದರಿಂದ ಪಾರ್ಟಿಯ ದಿನ ಹಗಲು ಸಾಲುಗಳು ಸಣ್ಣವು. ಪುಟ್ಟ ಮಕ್ಕಳು ಹೇಗೂ ಆರೂವರೆಗೆ ತೂಕಡಿಸುತ್ತವೆ, ಅಂಥ ಮನೆಗೆ ಈ ದಿನವೇ ಸರಿ. ಪಾರ್ಟಿಗಳು ಮುಗಿದ ಮೇಲೆ, ಕ್ರಿಸ್‌ಮಸ್ ವಾರದಲ್ಲಿ, ಅದೇ ಮೆರವಣಿಗೆಯನ್ನೂ ಪಟಾಕಿಯನ್ನೂ ಮಾಮೂಲಿ ಟಿಕೆಟ್ಟಿನವರಿಗೆಲ್ಲ ತೋರಿಸುತ್ತಾರೆ.

ಇಷ್ಟು ಹೇಳಿದ ಮೇಲೂ "ಇಲ್ಲ ಅಕ್ಕ, ಇವರಿಗೆ ರಜ ಸಿಗೋದೇ ಆ ವಾರ" ಎನ್ನುವವರೇ ಹೆಚ್ಚು. ಸರಿ, ಬನ್ನಿ. ಆದರೆ 25ನೇ ತಾರೀಕು ಮತ್ತು 31ನೇ ತಾರೀಕು ಮ್ಯಾಜಿಕ್ ಕಿಂಗ್‌ಡಮ್ ಬೇಡ. ಜನ ಭರ್ತಿಯಾಗಿ ಗೇಟು ಮುಚ್ಚಿದ ಕ್ರಿಸ್‌ಮಸ್ ದಿನಗಳನ್ನು ಕಂಡ ಪಾರ್ಕ್ ಅದು. ಡಿಸ್ನಿ ವರ್ಲ್ಡ್ ಎಂದರೆ ಒಂದೇ ಪಾರ್ಕ್ ಅಲ್ಲ; ಸುಮಾರು ನೂರು ಚದರ ಕಿಲೋಮೀಟರ್ ಜಾಗದಲ್ಲಿ ಹರಡಿದ ನಾಲ್ಕು ಪಾರ್ಕ್‌ಗಳು. 1971ರ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಆ್ಯನಿಮಲ್ ಕಿಂಗ್‌ಡಮ್. ಮೂರೇ ದಿನ ಇದ್ದರೆ ನಾಲ್ಕನ್ನೂ ನೋಡುವ ಹಟ ಬಿಡಿ.

ಇನ್ನು ಸಾಲಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಆ ವಾರ ನಿಮ್ಮ ದಿನ ಹೇಗೆ ಕಳೆಯುತ್ತದೆ ಎಂಬುದು ಪೂರ್ತಿ ಇದರ ಮೇಲೆ ನಿಂತಿದೆ. ಸಾಲು ಎಷ್ಟುದ್ದ ಇದೆ ಎಂದು ನೋಡಬೇಡಿ, ಆ ರೈಡ್ ಒಂದು ಗಂಟೆಯಲ್ಲಿ ಎಷ್ಟು ಜನರನ್ನು ಒಳಗೆ ತೆಗೆದುಕೊಳ್ಳುತ್ತದೆ ಎಂದು ನೋಡಿ. ಧರ್ಮಸ್ಥಳದಲ್ಲಿ ಊಟಕ್ಕೆ ನಿಂತವರಿಗೆ ಇದು ಗೊತ್ತು. ಸಾಲು ಕಣ್ಣಿಗೆ ಹೆದರಿಕೆ ಹುಟ್ಟಿಸುವಷ್ಟಿರುತ್ತದೆ, ಬಾಗಿಲು ತೆಗೆದರೆ ಇಡೀ ಪಂಕ್ತಿ ಒಟ್ಟಿಗೇ ಒಳಗೆ. ಮ್ಯಾಜಿಕ್ ಕಿಂಗ್‌ಡಮ್‌ನ 'ಹಾಂಟೆಡ್ ಮ್ಯಾನ್ಷನ್' ಅಂಥದು. ಅದರ ಕಪ್ಪು ಕುರ್ಚಿಬಂಡಿಗಳು ಸರಪಳಿ ಕಟ್ಟಿದಂತೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ, ನಿಲ್ಲುವುದಿಲ್ಲ. ನೀವು ಚಲಿಸುವ ಪಟ್ಟಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ ಕೂತುಬಿಡಬೇಕು. 'ಇಟ್ಸ್ ಎ ಸ್ಮಾಲ್ ವರ್ಲ್ಡ್' ದೋಣಿಗಳೂ ಹಾಗೇ, ಒಂದೊಂದರಲ್ಲಿ ಸಾಲುಸಾಲು ಜನ ಹಿಡಿಸುತ್ತಾರೆ. ಅದೇ ಪಕ್ಕದ 'ಪೀಟರ್ ಪ್ಯಾನ್ಸ್ ಫ್ಲೈಟ್' ನೋಡಿ: ತೂಗುವ ಪುಟ್ಟ ಹಡಗು, ಒಂದರಲ್ಲಿ ಇಬ್ಬರು ಮೂವರು. ಅಲ್ಲಿ ಸಾಲು ನೋಡಲು ಚಿಕ್ಕದಿದ್ದರೂ ಕದಲುವುದೇ ಇಲ್ಲ. ಮೂರು ನಿಮಿಷದ ಆ ಸವಾರಿಗೆ ಕ್ರಿಸ್‌ಮಸ್ ವಾರದಲ್ಲಿ ಒಂದೂವರೆ ಗಂಟೆ ನಿಂತವರನ್ನು ನೋಡಿದ್ದೇನೆ. ಅದು ಬೇಕೇ ಬೇಕೆಂದರೆ ಬೆಳಿಗ್ಗೆ ಗೇಟು ತೆಗೆದ ಕೂಡಲೇ ಅಲ್ಲಿಗೆ ಹೋಗಿ. ನಿಲ್ಲದೆ ನಡೆಯುವ ಮ್ಯಾನ್ಷನ್ನು, ದೋಣಿ ಇವನ್ನೆಲ್ಲ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಸಾಲು ಕದಲದಿರುವುದಕ್ಕೆ ಇನ್ನೊಂದು ಕಾರಣ ದುಡ್ಡು ಕೊಟ್ಟವರ ಸಾಲು. ಇದಕ್ಕೆ ಲೈಟ್ನಿಂಗ್ ಲೇನ್ ಎನ್ನುತ್ತಾರೆ. 2024ರ ಜುಲೈಯಿಂದ ಇದರ ಕ್ರಮ ಹೀಗಿದೆ: ಮಲ್ಟಿ ಪಾಸ್ ಕೊಂಡರೆ ಒಂದು ದಿನಕ್ಕೆ ಮೂರು ರೈಡ್‌ಗಳಿಗೆ ಮೊದಲೇ ಸಮಯ ಕಾಯ್ದಿರಿಸಬಹುದು, ಒಂದನ್ನು ಬಳಸಿದ ಮೇಲೆ ಇನ್ನೊಂದನ್ನು ಸೇರಿಸಿಕೊಳ್ಳುತ್ತ ಹೋಗಬಹುದು. ತೀರಾ ಬೇಡಿಕೆಯ ರೈಡ್‌ಗಳಿಗೆ ಸಿಂಗಲ್ ಪಾಸ್ ಎಂದು ಬೇರೆ ಹಣ. ಡಿಸ್ನಿಯ ಹೋಟೆಲಿನಲ್ಲಿ ಇಳಿದವರು ಏಳು ದಿನ ಮೊದಲೇ ಆರಿಸಿಕೊಳ್ಳಬಹುದು, ಹೊರಗಿನವರಿಗೆ ಮೂರೇ ದಿನ. ಇಲ್ಲಿನ ಪೂರ್ವ ತೀರದ ಗಡಿಯಾರದಲ್ಲಿ ಬೆಳಿಗ್ಗೆ ಏಳಕ್ಕೆ ಬುಕಿಂಗ್ ತೆರೆಯುತ್ತದೆ, ಅಂದರೆ ಡಿಸೆಂಬರಿನಲ್ಲಿ ಬೆಂಗಳೂರಿಗೆ ಸಂಜೆ ಐದೂವರೆ. ಆ ನಿಮಿಷಕ್ಕೆ ಡಿಸ್ನಿಯವರ ಆ್ಯಪ್ ತೆರೆದು ಕೂತಿರಬೇಕು, ಕ್ರಿಸ್‌ಮಸ್ ವಾರದಲ್ಲಿ ಒಳ್ಳೆಯ ಸಮಯಗಳು ಬೇಗ ಹೋಗುತ್ತವೆ. ಪಾಸ್ ತೋರಿಸಿದವರನ್ನು ಮೊದಲು ಬಿಡುವುದರಿಂದ ಬರಿಯ ಟಿಕೆಟ್ಟಿನವರ ಸಾಲು ನಿಂತಲ್ಲೇ ನಿಲ್ಲುತ್ತದೆ. ಇನ್ನೂರು ಡಾಲರ್ ಟಿಕೆಟ್ ಕೊಂಡವರಿಂದ ಮತ್ತೆ ಹಣ ಕೇಳುವ ಈ ಏರ್ಪಾಡು ನನಗೆ ಸರಿ ಕಾಣುವುದಿಲ್ಲ. ಹಾಗಿದ್ದರೂ ವರ್ಷದಲ್ಲಿ ಯಾವಾಗಲಾದರೂ ಅದನ್ನು ಕೊಳ್ಳುವುದಾದರೆ ಈ ವಾರವೇ ಕೊಳ್ಳಬೇಕು, ಅದೂ ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನಕ್ಕೆ. ಆ್ಯನಿಮಲ್ ಕಿಂಗ್‌ಡಮ್‌ಗೆ ನನ್ನ ಲೆಕ್ಕದಲ್ಲಿ ಬೇಡ.

ಪಾರ್ಕಿನ ಬಾಗಿಲಿಗೆ ಎಷ್ಟು ಹೊತ್ತಿಗೆ ಬರಬೇಕು ಎಂಬುದನ್ನು ಜನ ತಪ್ಪಾಗಿ ಎಣಿಸುತ್ತಾರೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರು ನಿಲ್ಲಿಸಿದ ಕೂಡಲೇ ಹೋಗಲಾಗುವುದಿಲ್ಲ. ಪಾರ್ಕಿಂಗಿನಿಂದ ಟ್ರ್ಯಾಮ್, ಅಲ್ಲಿಂದ ಮೋನೋರೈಲ್ ಇಲ್ಲವೇ ಕೆರೆ ದಾಟಿಸುವ ದೋಣಿ, ನಡುವೆ ಬ್ಯಾಗ್ ತಪಾಸಣೆ. ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಡಿಸ್ನಿ ಹೋಟೆಲಿನವರನ್ನು ಅರ್ಧ ಗಂಟೆ ಮೊದಲೇ ಒಳಗೆ ಬಿಡುತ್ತಾರೆ, ಆ ಅರ್ಧ ಗಂಟೆಗೆ ಈ ವಾರ ಬಹಳ ಬೆಲೆ. ನಮ್ಮ ಕ್ರಮ ಯಾವಾಗಲೂ ಒಂದೇ. ಗೇಟು ತೆಗೆಯುವ ಹೊತ್ತಿಗೆ ಅಲ್ಲಿರುವುದು, ಹನ್ನೆರಡರವರೆಗೆ ಮುಖ್ಯವಾದ ಮೂರು ನಾಲ್ಕು ರೈಡ್ ಮುಗಿಸುವುದು, ಜನ ಉಕ್ಕುವ ಒಂದರಿಂದ ನಾಲ್ಕರವರೆಗೆ ರೂಮಿಗೆ ಹೋಗಿ ಕಾಲು ಚಾಚುವುದು, ದೀಪ ಹೊತ್ತುವ ಹೊತ್ತಿಗೆ ಮತ್ತೆ ಬರುವುದು. ಡಿಸೆಂಬರಿನಲ್ಲಿ ಇಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಹಗಲು 22, 23 ಡಿಗ್ರಿ ಇದ್ದದ್ದು ರಾತ್ರಿ ಹತ್ತಕ್ಕೂ ಇಳಿಯುತ್ತದೆ, ಸ್ವೆಟರ್ ಬೇಕು. ರಾತ್ರಿ ಇನ್ನೊಂದು ಉಪಾಯವಿದೆ. ಪಾರ್ಕ್ ಮುಚ್ಚುವ ನಿಮಿಷಕ್ಕೆ ಮುಂಚೆ ಸಾಲಿಗೆ ಸೇರಿಕೊಂಡವರನ್ನು ಅವರು ವಾಪಸು ಕಳಿಸುವುದಿಲ್ಲ, ರೈಡ್ ಮುಗಿಸಿಯೇ ಹೊರಡಬಹುದು. ಮಕ್ಕಳು ಎಚ್ಚರವಿದ್ದರೆ ದೊಡ್ಡ ರೈಡ್ ಒಂದನ್ನು ಹೀಗೆ ಕೊನೆಗೆ ಇಡಬಹುದು.

ಮಕ್ಕಳ ಎತ್ತರವನ್ನು ಮನೆಯಲ್ಲೇ ಅಳೆದುಬಿಡಿ. 'ಸ್ಪೇಸ್ ಮೌಂಟನ್'ಗೆ 112 ಸೆಂಟಿಮೀಟರ್ ಇರಬೇಕು, 'ಟ್ರಾನ್'ಗೆ 122, ಕುಳ್ಳರ ಗಣಿಯ 'ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್'ಗೆ 97. ಬಾಗಿಲಲ್ಲಿ ಅಳತೆಗೋಲು ಇಟ್ಟುಕೊಂಡು ನಿಂತಿರುತ್ತಾರೆ, ಒಂದು ಬೆರಳು ಕಡಿಮೆ ಇದ್ದರೂ ಬಿಡುವುದಿಲ್ಲ. ನಾದಿನಿಯ ಮಗ ಆರು ವರ್ಷದವನು. ಅವನನ್ನು ಹೊರಡುವ ಮುನ್ನ ನಮ್ಮ ಅಡುಗೆಮನೆ ಬಾಗಿಲಿಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಹಾಕಿ, ಯಾವ ರೈಡ್ ಈ ವರ್ಷ, ಯಾವುದು ಮುಂದಿನ ಸಲ ಎಂದು ಅವನ ಕೈಯಲ್ಲೇ ಪಟ್ಟಿ ಬರೆಸಿದೆವು. ಅಲ್ಲಿ ಹೋದ ಮೇಲೆ ಒಂದು ಹನಿ ಕಣ್ಣೀರಿಲ್ಲ. ಚಿಕ್ಕ ಮಗು ಇದೆ, ದೊಡ್ಡವರಿಗೂ ಹೋಗಬೇಕು ಎಂದಾದರೆ ಬಾಗಿಲಲ್ಲಿ 'ರೈಡರ್ ಸ್ವಿಚ್' ಎಂದು ಕೇಳಿ. ಗಂಡ ಹೋಗಿ ಬರುವವರೆಗೆ ಹೆಂಡತಿ ಮಗುವಿನ ಜೊತೆ ಇರಬಹುದು, ಆಮೇಲೆ ಅವಳು ಮತ್ತೆ ಉದ್ದ ಸಾಲು ನಿಲ್ಲದೆ ಹೋಗಬಹುದು. ಇದಕ್ಕೆ ಹಣವಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು ಇಡೀ ದಿನ ಸ್ಟ್ರೋಲರ್ ಕಾಯುತ್ತ ಕೂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಊಟ. ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ, ಗಾಜಿನ ಬಾಟಲಿ ಮತ್ತು ಮದ್ಯ ಮಾತ್ರ ಬೇಡ. ಹಾಗಾಗಿ ಪುಳಿಯೋಗರೆ, ಚಪಾತಿ ಪಲ್ಯ, ಕೋಡುಬಳೆ ಧಾರಾಳವಾಗಿ ಒಯ್ಯಿರಿ. ಕುಡಿಯುವ ತಣ್ಣೀರು ಕೌಂಟರ್ ಇರುವ ತಿಂಡಿ ಅಂಗಡಿಗಳಲ್ಲಿ ಕೇಳಿದರೆ ಲೋಟದಲ್ಲಿ ಪುಕ್ಕಟೆ ಕೊಡುತ್ತಾರೆ, ಬಾಟಲಿಗೆ ದುಡ್ಡು ಸುರಿಯಬೇಡಿ. ಅಲ್ಲೇ ಉಣ್ಣುವುದಾದರೆ ಬೆಳಿಗ್ಗೆಯೇ ಆ್ಯಪಿನಲ್ಲಿ ಮಧ್ಯಾಹ್ನದ ಊಟಕ್ಕೆ ಸಮಯ ಹಿಡಿದಿಡಿ, ಹನ್ನೆರಡೂವರೆಗೆ ನೋಡಿದರೆ ಮೂರು ಗಂಟೆಯದು ಸಿಗುತ್ತದೆ. ಶುದ್ಧ ಸಸ್ಯಾಹಾರಿಗಳು ಅನ್ನ, ಕಾಳು ಯಾವುದರಲ್ಲಿ ಬೇಯಿಸಿದ್ದು ಎಂದು ಕೇಳಲು ನಾಚಬೇಡಿ, ಅವರು ತಾಳ್ಮೆಯಿಂದ ಹೇಳುತ್ತಾರೆ. ಆ್ಯನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಹೋಟೆಲಿನಲ್ಲಿ 'ಸನಾ' ಎನ್ನುವ ರೆಸ್ಟೋರೆಂಟ್ ಇದೆ. ನಾನ್ ಮತ್ತು ಅದಕ್ಕೆ ಬಗೆಬಗೆಯ ಚಟ್ನಿಗಳ ತಟ್ಟೆ ಅಲ್ಲಿ ಪ್ರಸಿದ್ಧ, ಕಿಟಕಿಯ ಆಚೆ ಜಿರಾಫೆಗಳು ಮೇಯುತ್ತಿರುತ್ತವೆ. ಕ್ರಿಸ್‌ಮಸ್ ವಾರಕ್ಕೆ ಮುಂಚಿತವಾಗಿ ಟೇಬಲ್ ಹಿಡಿಯದೆ ಸಿಗುವುದಿಲ್ಲ.

ಈಗ ಹಿರಿಯರ ಮಾತು. ನಮ್ಮವರು ಮಾಡುವ ಪ್ಲಾನ್‌ಗಳಲ್ಲಿ ಮಕ್ಕಳಿಗೆ ಏನು ಬೇಕೆಂದು ಪಟ್ಟಿ ಇರುತ್ತದೆ, ಊರಿಂದ ಬಂದ ಅಪ್ಪ ಅಮ್ಮನ ಹೆಸರಿನಲ್ಲಿ ಒಂದು ಸಾಲೂ ಇರುವುದಿಲ್ಲ. ಅವರಿಗೆ ರೋಲರ್ ಕೋಸ್ಟರ್ ಬೇಡ ಎಂದ ಮಾತ್ರಕ್ಕೆ ಬೆಂಚಿನ ಮೇಲೆ ಕೂರಿಸಿ ಚೀಲ ಕಾಯಲು ಹಚ್ಚುವುದು ಸರಿಯಲ್ಲ. ಅವರಿಗೆಂದೇ ಹೇಳಿ ಮಾಡಿಸಿದಂಥ ಜಾಗಗಳು ಅಲ್ಲಿ ಬೇಕಾದಷ್ಟಿವೆ, ಹೆಚ್ಚಿನ ಕಡೆ ಸಾಲೂ ಇಲ್ಲ.

ಮ್ಯಾಜಿಕ್ ಕಿಂಗ್‌ಡಮ್‌ನ 'ಕ್ಯಾರೊಸೆಲ್ ಆಫ್ ಪ್ರೋಗ್ರೆಸ್' ಅಂಥದೊಂದು. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕಾಗಿ ವಾಲ್ಟ್ ಡಿಸ್ನಿ ಮಾಡಿಸಿದ್ದು, 1975ರಲ್ಲಿ ಇಲ್ಲಿಗೆ ಬಂತು. ವೇದಿಕೆ ಸುತ್ತುವುದಿಲ್ಲ, ನಾವು ಕೂತ ಸಭಾಂಗಣವೇ ಸುತ್ತುತ್ತದೆ. ಒಂದು ಮನೆಗೆ ವಿದ್ಯುತ್ತು, ಫ್ರಿಜ್ಜು, ಟೀವಿ ಒಂದೊಂದಾಗಿ ಬಂದ ಕಥೆಯನ್ನು ಯಂತ್ರದ ಬೊಂಬೆಗಳು ಹೇಳುತ್ತವೆ. ಕೊನೆಯ ದೃಶ್ಯ ಕ್ರಿಸ್‌ಮಸ್ ರಾತ್ರಿಯದೇ. ಇಪ್ಪತ್ತು ನಿಮಿಷ ತಂಪಾದ ಜಾಗದಲ್ಲಿ ಮೆತ್ತನೆ ಕುರ್ಚಿ. ಹೊಗೆಯ ಒಲೆಯಿಂದ ಗ್ಯಾಸಿನವರೆಗೆ ಬಂದ ನಮ್ಮತ್ತೆಗೆ ಇಂಗ್ಲಿಷ್ ಮಾತು ಅರ್ಥವಾಗದಿದ್ದರೂ ಕಥೆ ಪೂರ್ತಿ ಅರ್ಥವಾಗಿತ್ತು.

ಮಾವನವರು ಸಾಗರದ ಹತ್ತಿರದ ಆನಂದಪುರದ ಕಡೆಯವರು, ಅಡಿಕೆ ತೋಟದವರು. ಆ್ಯನಿಮಲ್ ಕಿಂಗ್‌ಡಮ್‌ನ ಏಷ್ಯಾ ಭಾಗದಲ್ಲಿ ಡಿಸ್ನಿಯವರು ಕಲ್ಪಿಸಿ ಕಟ್ಟಿದ ಊರಿಗೂ ಆನಂದಪುರ ಎಂದೇ ಹೆಸರು. ಆ ಬೋರ್ಡ್ ಓದಿ ಮಾವನವರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು, ಊರಿನವರಿಗೆಲ್ಲ ಕಳಿಸಿದರು. ಅಲ್ಲೇ 'ಮಹಾರಾಜ ಜಂಗಲ್ ಟ್ರೆಕ್' ಎಂಬ ಕಾಲುದಾರಿ ಇದೆ. ಪಾಳು ಅರಮನೆಯ ಗೋಡೆಗಳ ನಡುವೆ ನಡೆಯುತ್ತ ಹೋದರೆ ತಲೆಕೆಳಗಾಗಿ ತೂಗುವ ದೊಡ್ಡ ಬಾವಲಿಗಳೂ ಹುಲಿಗಳೂ ಕಾಣುತ್ತವೆ. ಬಾವಲಿಗಳ ಮುಂದೆ ಅವರು ನಿಂತುಬಿಟ್ಟರು. ಒಂದು ಬಾವಲಿ ರೆಕ್ಕೆ ಬಿಡಿಸಿ ಹಣ್ಣಿನ ತುಂಡನ್ನು ಕಾಲಿನಿಂದ ಎಳೆದುಕೊಳ್ಳುತ್ತಿತ್ತು. "ನೋಡು, ನಮ್ಮ ಪೇರಲೆ ತಿನ್ನೋದೂ ಹಿಂಗೇ" ಎಂದು ಮೊಮ್ಮಗನಿಗೆ ತೋರಿಸಿದರು. ಅದೇ ಹೊತ್ತಿಗೆ ಪಕ್ಕದ 'ಎಕ್ಸ್‌ಪೆಡಿಷನ್ ಎವರೆಸ್ಟ್' ರೈಡಿನ ಮುಂದೆ ಜನ ಗಂಟೆಗಟ್ಟಲೆ ನಿಂತಿದ್ದರು. ಈ ದಾರಿಗೆ ಸಾಲೇ ಇಲ್ಲ. ತೆರೆದ ಟ್ರಕ್ಕಿನಲ್ಲಿ ಕೂತು ಆನೆ, ಜಿರಾಫೆ ನೋಡುವ 'ಕಿಲಿಮಂಜಾರೊ ಸಫಾರಿ'ಗೆ ಮಾತ್ರ ಬೆಳಿಗ್ಗೆ ಮೊದಲು ಹೋಗಿ. ಕತ್ತಲಾಗುವುದು ಬೇಗ, ಕೊನೆಗಿಟ್ಟುಕೊಂಡರೆ ಪ್ರಾಣಿ ಕಾಣುವುದಿಲ್ಲ.

ಒಂದು ಸಂಜೆಯನ್ನು ಎಪ್ಕಾಟ್‌ನ 'ಕ್ಯಾಂಡಲ್‌ಲೈಟ್ ಪ್ರೊಸೆಷನಲ್'ಗೆ ಮೀಸಲಿಡಿ ಎಂದು ನಾನು ಎಲ್ಲರನ್ನೂ ಒತ್ತಾಯಿಸುತ್ತೇನೆ. 1958ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಶುರುವಾದ ಪದ್ಧತಿ. ಹೆಸರಾಂತ ನಟರೋ ಗಾಯಕರೋ ಒಬ್ಬರು ಏಸು ಹುಟ್ಟಿದ ಕಥೆ ಓದುತ್ತಾರೆ, ಹಿಂದೆ ದೊಡ್ಡ ವಾದ್ಯವೃಂದ, ಕೈಯಲ್ಲಿ ದೀಪ ಹಿಡಿದು ಸಾಲಾಗಿ ಬರುವ ಗಾಯಕರು. ಅವರಲ್ಲಿ ಶಾಲೆಯ ಮಕ್ಕಳೂ ಇರುತ್ತಾರೆ. ಸಂಜೆಗೆ ಮೂರು ಪ್ರದರ್ಶನ, ಪಾರ್ಕಿನ ಟಿಕೆಟ್ ಇದ್ದರೆ ಬೇರೆ ದುಡ್ಡಿಲ್ಲ. ಬೇಗ ಹೋಗಿ ಸಾಲು ನಿಲ್ಲಬೇಕು, ಇಲ್ಲವೇ ಊಟದ ಜೊತೆ ಸೀಟು ಕಾಯ್ದಿರಿಸುವ ಪ್ಯಾಕೇಜ್ ಕೊಳ್ಳಬೇಕು. ನಮ್ಮಮ್ಮ ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚುವವರು. ತುತ್ತೂರಿಗಳು ಒಮ್ಮೆಗೇ ಎದ್ದಾಗ ನನ್ನ ಕೈ ಹಿಡಿದುಕೊಂಡರು, ಕೊನೆಯ ಹಾಡಿಗೆ ಸುತ್ತಲಿನವರೆಲ್ಲ ಎದ್ದಾಗ ತಾವೂ ಎದ್ದು ಕೈ ಮುಗಿದರು. ಡಿಸ್ನಿಯಲ್ಲಿ ಅವರು ಮತ್ತೆ ನೋಡಬೇಕೆಂದು ಕೇಳಿದ್ದು ಇದೊಂದನ್ನೇ.

ಊರಿಂದ ಬಂದಿಳಿದು ಎರಡೇ ದಿನವಾಗಿ ನಿದ್ದೆ ಸರಿಹೋಗದವರನ್ನು ಮೊದಲ ದಿನವೇ ಪಾರ್ಕಿಗೆ ಎಳೆಯಬೇಡಿ. 'ಡಿಸ್ನಿ ಸ್ಪ್ರಿಂಗ್ಸ್' ಎಂಬ ಅಂಗಡಿ ಬೀದಿಗೆ ಟಿಕೆಟ್ಟೂ ಇಲ್ಲ, ಪಾರ್ಕಿಂಗಿಗೆ ಹಣವೂ ಇಲ್ಲ. ಸಿಂಗರಿಸಿದ ಕ್ರಿಸ್‌ಮಸ್ ಮರಗಳ ಸಾಲನ್ನು ಸಂಜೆ ನಿಧಾನ ನೋಡಿಕೊಂಡು ಬರಬಹುದು.

ಕೊನೆಗೆ ವೀಲ್‌ಚೇರ್. ಈ ಪಾರ್ಕ್‌ಗಳಲ್ಲಿ ಒಂದು ದಿನಕ್ಕೆ ಹತ್ತು ಹದಿನೈದು ಕಿಲೋಮೀಟರ್ ನಡಿಗೆ ಸಾಮಾನ್ಯ. ಎಪ್ಪತ್ತು ದಾಟಿದ, ಮಂಡಿನೋವಿನ ಅಪ್ಪ ಅಮ್ಮ "ನನಗೇನಾಗಿದೆ, ನಡೀತೀನಿ" ಎಂದೇ ಎನ್ನುತ್ತಾರೆ. ನಾಲ್ಕು ಜನರ ಮುಂದೆ ಗಾಲಿಕುರ್ಚಿಯಲ್ಲಿ ಕೂರಲು ಅವರಿಗೆ ಸಂಕೋಚ. ಹನ್ನೊಂದು ಗಂಟೆಗೆ ಕಾಲು ಸೋತರೂ ಮಕ್ಕಳ ಖುಷಿ ಕೆಡಬಾರದೆಂದು ಬಾಯಿ ಬಿಡುವುದಿಲ್ಲ. ಹಾಗಾಗಿ ಈ ಮಾತನ್ನು ಪಾರ್ಕಿನಲ್ಲಿ ಅಲ್ಲ, ಮನೆಯಲ್ಲೇ ಆಡಿ ಮುಗಿಸಿ. ಪಾರ್ಕಿನ ಬಾಗಿಲಲ್ಲಿ ಬಾಡಿಗೆಗೆ ಸಿಗುತ್ತದೆ, ಆದರೆ ಮೊದಲು ಬಂದವರಿಗೆ ಮೊದಲು ಎಂಬ ಲೆಕ್ಕ, ಕ್ರಿಸ್‌ಮಸ್ ವಾರದಲ್ಲಿ ಬೆಳಿಗ್ಗೆಯೇ ಖಾಲಿಯಾಗುತ್ತದೆ. ಹೋಟೆಲಿಗೇ ತಂದುಕೊಡುವ ಬಾಡಿಗೆ ಅಂಗಡಿಗಳು ಒರ್ಲಾಂಡೊದಲ್ಲಿ ಹಲವಿವೆ, ಅಲ್ಲಿ ವಾರಗಟ್ಟಲೆ ಮೊದಲೇ ಹೇಳಿಡಬಹುದು. ಅಲ್ಲಿ ಪ್ರತಿ ಬೀದಿಯಲ್ಲೂ ಅಜ್ಜ ಅಜ್ಜಿಯರನ್ನು ಮೊಮ್ಮಕ್ಕಳು ಕೂರಿಸಿ ತಳ್ಳಿಕೊಂಡು ಹೋಗುತ್ತಿರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಈ ವರ್ಷ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟಿರುವವರು ದಯವಿಟ್ಟು ಟಿಕೆಟ್ ಕೊಳ್ಳುವ ದಿನವೇ ಅದನ್ನೂ ಬುಕ್ ಮಾಡಿಬಿಡಿ.